ಕಾರಿನಲ್ಲಿ ಒಯ್ಯುವ ಗ್ರೌಂಡ್ ಸ್ಟೇಷನ್: ಮಂಗಳೂರು–ಉಡುಪಿ ಕರಾವಳಿಯಲ್ಲಿ ಉಪಗ್ರಹದ ಟೆಲಿಮೆಟ್ರಿ ಹಿಡಿಯುವುದು ಹೇಗೆ

500 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹ ಉಡುಪಿಯ ನೆತ್ತಿಯ ಮೇಲೆಯೇ ಹಾದುಹೋದರೂ ನಮಗೆ ಸಿಗುವುದು ಹನ್ನೊಂದು ನಿಮಿಷ, ಹೆಚ್ಚೆಂದರೆ ಹನ್ನೆರಡು. ಧ್ರುವ ಕಕ್ಷೆಯದಾದರೆ ನಮ್ಮ 13 ಡಿಗ್ರಿ ಅಕ್ಷಾಂಶದಲ್ಲಿ ದಿನಕ್ಕೆ ನಾಲ್ಕು ಪಾಸ್‌ಗಳ ಆಸುಪಾಸು (ಉಪಗ್ರಹ ಒಮ್ಮೆ ಮೂಡಿ ಮುಳುಗುವುದು ಒಂದು ಪಾಸ್). ಅದರಲ್ಲಿ ದಿಗಂತದಿಂದ 30 ಡಿಗ್ರಿಗಿಂತ ಮೇಲೇರುವುದು ಒಂದೋ ಎರಡೋ. ಧ್ರುವದ ಹತ್ತಿರ ಸ್ಟೇಷನ್ ಇಟ್ಟವರಿಗೆ ಅದೇ ಉಪಗ್ರಹ ಹೆಚ್ಚುಕಡಿಮೆ ಪ್ರತಿ ಸುತ್ತಿನಲ್ಲೂ ಸಿಗುತ್ತದೆ, ಒಂದು ತಪ್ಪಿದರೆ ನೂರು ನಿಮಿಷದಲ್ಲಿ ಇನ್ನೊಂದು. ನಮಗೆ ಒಂದು ತಪ್ಪಿದರೆ ಅರ್ಧ ದಿನ ಕಾಯಬೇಕು. ಹಾಗಾಗಿ ಹೊರಗೆ ಒಯ್ಯುವ ಸ್ಟೇಷನ್ನಿನಲ್ಲಿ ಎಷ್ಟು ದುಬಾರಿ ರಿಸೀವರ್ ಇದೆ ಎನ್ನುವುದಕ್ಕಿಂತ, ಪಾಸ್‌ಗೆ ಅರ್ಧ ಗಂಟೆ ಮೊದಲು ಅದು ನೆಟ್ಟಗೆ ನಿಂತು ದಿಕ್ಕು, ಗಡಿಯಾರ, ಸಿಗ್ನಲ್ ಮೂರೂ ಪರೀಕ್ಷೆಯಾಗಿ ತಯಾರಿದೆಯೇ ಎನ್ನುವುದೇ ಮುಖ್ಯ.

ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರಗಳಾದ ಬೆಂಗಳೂರಿನ ಇಸ್ಟ್ರಾಕ್, ಹಾಸನದ ಎಂಸಿಎಫ್‌ನ ದೊಡ್ಡ ಡಿಶ್‌ಗಳು ಇದ್ದಲ್ಲೇ ಇರುತ್ತವೆ. ಆದರೆ ರಾಕೆಟ್ ಸಮುದ್ರದ ಮೇಲೆ ಕಣ್ಮರೆಯಾಗುವ ಜಾಗದಲ್ಲಿ ಹಡಗಿನ ಮೇಲೆ ಟರ್ಮಿನಲ್ ಕಟ್ಟಿ ಒಯ್ಯುವ ಕ್ರಮ ಇಸ್ರೋದಲ್ಲೂ ಇದೆ. ಇಲ್ಲಿ ಹೇಳುತ್ತಿರುವುದು ಒಂದು ಓಮ್ನಿಯ ಹಿಂದೆ ಹಿಡಿಸುವ, ಇಬ್ಬರು ನಲವತ್ತು ನಿಮಿಷದಲ್ಲಿ ನಿಲ್ಲಿಸಬಹುದಾದ, ಬರೀ ಕೇಳುವ ಸ್ಟೇಷನ್. ಬ್ಯಾಂಡ್ ಮೂರು: 137, 145 ಮತ್ತು 437 ಮೆಗಾಹರ್ಟ್ಸ್. ಕಳುಹಿಸುವ ಕೆಲಸಕ್ಕೆ ಇಳಿಯುವವರು ಮೊದಲು ಕೇಂದ್ರ ಸರ್ಕಾರದ ತರಂಗಾಂತರ ವಿಭಾಗವಾದ ಡಬ್ಲ್ಯೂಪಿಸಿಯ ಹವ್ಯಾಸಿ ರೇಡಿಯೋ ಪರೀಕ್ಷೆ ಬರೆದು ವಿಯು2 ಅಥವಾ ವಿಯು3 ಎಂದು ಶುರುವಾಗುವ ಕರೆಸಂಕೇತ ಪಡೆಯಬೇಕು. ಅದಿಲ್ಲದೆ ಟ್ರಾನ್ಸ್‌ಮಿಟರ್ ಮುಟ್ಟಬೇಡಿ.

ಯಾವ ಉಪಗ್ರಹದಿಂದ ಶುರು ಮಾಡಬೇಕು

ಹಳೆಯ ಮಾರ್ಗದರ್ಶಿಗಳೆಲ್ಲ ಅಮೆರಿಕದ ಹವಾಮಾನ ಉಪಗ್ರಹಗಳಾದ ನೋವಾ-15, 18, 19ರ ಚಿತ್ರ ಹಿಡಿಯುವುದರಿಂದ ಶುರುವಾಗುತ್ತವೆ. ಆ ಮೂರನ್ನೂ 2025ರಲ್ಲಿ ನಿಲ್ಲಿಸಿಯಾಗಿದೆ, ಅವುಗಳಿಗಾಗಿ ಕಾಯಬೇಡಿ. ಈಗ 137ರಲ್ಲಿ ಕಲಿಯಲು ಒಳ್ಳೆಯವು ರಷ್ಯಾದ ಹವಾಮಾನ ಉಪಗ್ರಹಗಳಾದ ಮೆಟಿಯೋರ್-ಎಂ ಎನ್2-3 (ಕ್ಯಾಟಲಾಗ್ ಸಂಖ್ಯೆ 57166) ಮತ್ತು ಎನ್2-4 (59051). ಇವು 137.9 ಅಥವಾ 137.1 ಮೆಗಾಹರ್ಟ್ಸ್‌ನಲ್ಲಿ ಎಲ್‌ಆರ್‌ಪಿಟಿ ಎಂಬ ಡಿಜಿಟಲ್ ಚಿತ್ರ ಕಳಿಸುತ್ತವೆ. ಸಿಗ್ನಲ್ ಜೋರು, ಆಂಟೆನಾ ತಿರುಗಿಸುವ ರೋಟರ್ ಬೇಡ. 145ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ (25544) 145.825ರಲ್ಲಿ 1200 ಬಾಡ್ ವೇಗದ ದತ್ತಾಂಶ ಪ್ಯಾಕೆಟ್, 145.800ರಲ್ಲಿ ಧ್ವನಿ ಮತ್ತು ಕೆಲವು ದಿನ ಎಸ್‌ಎಸ್‌ಟಿವಿ (ಧ್ವನಿಯಾಗಿ ನಿಧಾನಕ್ಕೆ ಬರುವ) ಚಿತ್ರ ಬಿಡುತ್ತದೆ. 437ರ ಸುತ್ತಮುತ್ತ ಕಾಲೇಜುಗಳ ಪುಟ್ಟ ಕ್ಯೂಬ್‌ಸ್ಯಾಟ್‌ಗಳ ಹಿಂಡೇ ಇದೆ. ನಿಜವಾದ ಟೆಲಿಮೆಟ್ರಿ, ಅಂದರೆ ಬ್ಯಾಟರಿ ವೋಲ್ಟೇಜ್, ಸೌರಫಲಕದ ಕರೆಂಟ್, ಒಳಗಿನ ಉಷ್ಣತೆ, ಎಲ್ಲ ಅಲ್ಲೇ ಸಿಗುವುದು. ಹೊರಡುವ ದಿನ ಆ ಉಪಗ್ರಹ ಇನ್ನೂ ಮಾತಾಡುತ್ತಿದೆಯೇ ಎಂದು ಹವ್ಯಾಸಿ ಗ್ರೌಂಡ್ ಸ್ಟೇಷನ್‌ಗಳ ಜಾಲವಾದ ಸ್ಯಾಟ್‌ನಾಗ್ಸ್‌ನ ಇತ್ತೀಚಿನ ದಾಖಲೆ ನೋಡಿ. ಸತ್ತ ಉಪಗ್ರಹಕ್ಕೆ ಆಂಟೆನಾ ತಿರುಗಿಸಿ, ತಮ್ಮ ಉಪಕರಣವೇ ಕೆಟ್ಟಿದೆ ಎಂದುಕೊಂಡು ಬಿಚ್ಚಿ ಜೋಡಿಸುವವರು ಬಹಳ.

ಲೆಕ್ಕ ಮೊದಲು, ಖರೀದಿ ಆಮೇಲೆ

ಕ್ಯೂಬ್‌ಸ್ಯಾಟ್ ಅರ್ಧ ವ್ಯಾಟ್ ಕಳಿಸುತ್ತದೆ ಎಂದುಕೊಳ್ಳಿ, ಅಂದರೆ 27 ಡಿಬಿಎಂ (ಒಂದು ಮಿಲಿವ್ಯಾಟ್‌ಗೆ ಹೋಲಿಸಿದ ಡೆಸಿಬೆಲ್ ಅಳತೆ). ಅದು 500 ಕಿ.ಮೀ. ಎತ್ತರದಲ್ಲಿದ್ದು ನಮ್ಮ ದಿಗಂತದಿಂದ 10 ಡಿಗ್ರಿ ಮೇಲಿದ್ದರೆ ನಮ್ಮಿಂದ ಅದಕ್ಕಿರುವ ಓರೆ ದೂರ ಸುಮಾರು 1,695 ಕಿ.ಮೀ. 437 ಮೆಗಾಹರ್ಟ್ಸ್‌ನಲ್ಲಿ ಈ ದಾರಿಯ ನಷ್ಟ 150 ಡಿಬಿ. ಬೂಮ್ ಎಂಬ ದಂಡಕ್ಕೆ ಸಾಲು ಸರಳು ಜೋಡಿಸಿದ ನಮ್ಮ ಯಾಗಿ ಆಂಟೆನಾದ ಗಳಿಕೆ 10 ಡಿಬಿ, ಧ್ರುವೀಕರಣ (ಅಲೆ ಕಂಪಿಸುವ ದಿಕ್ಕು) ಹೊಂದದೆ ಹೋಗುವುದು 3 ಡಿಬಿ. ಕೈಗೆ ಸಿಗುವುದು ಸುಮಾರು −116 ಡಿಬಿಎಂ. 15 ಕಿಲೋಹರ್ಟ್ಸ್ ಅಗಲದಲ್ಲಿ ಉಷ್ಣ ಗದ್ದಲ −132. ಒಳ್ಳೆಯ ಪ್ರೀಆಂಪ್ಲಿಫೈಯರ್, ಅಂದರೆ ಎಲ್‌ಎನ್‌ಎ, ಆಂಟೆನಾದ ಬುಡದಲ್ಲೇ ಇದ್ದರೆ 15 ಡಿಬಿ ಮಿಗುತ್ತದೆ, ಆರಾಮಾಗಿ ಡಿಕೋಡ್ ಆಗುತ್ತದೆ.

ಈಗ ಎಲ್‌ಎನ್‌ಎ ತೆಗೆದು, 10 ಮೀಟರ್ ಆರ್‌ಜಿ-58 ಕೇಬಲ್ ಎಳೆದು ನೇರ ಡಾಂಗಲ್‌ಗೆ (ಯುಎಸ್‌ಬಿ ರಿಸೀವರ್) ಚುಚ್ಚಿ. ಕೇಬಲ್ 3.5 ಡಿಬಿ ತಿನ್ನುತ್ತದೆ, ಡಾಂಗಲ್‌ನ ಸ್ವಂತ ಗದ್ದಲ ಸುಮಾರು 6 ಡಿಬಿ. ಹದಿನೈದರಲ್ಲಿ ಆರೇಳು ಉಳಿಯಿತು. ವಾಟರ್‌ಫಾಲ್‌ನಲ್ಲಿ, ಅಂದರೆ ಆವರ್ತನಗಳನ್ನು ಹರಿಯುವ ಚಿತ್ರವಾಗಿ ತೋರಿಸುವ ಪರದೆಯಲ್ಲಿ, ಗೆರೆ ಕಾಣುತ್ತದೆ, ದತ್ತಾಂಶದ ಒಂದು ಫ್ರೇಮೂ ಬಿಚ್ಚುವುದಿಲ್ಲ. "ಸಿಗ್ನಲ್ ಇದೆ, ಡಿಕೋಡ್ ಆಗ್ತಿಲ್ಲ" ಎನ್ನುವ ದೂರಿನ ಮೂಲ ಹೆಚ್ಚಿನ ಸಲ ಇದೇ. ಅದೇ ಕೇಬಲ್ಲಿನ ಮೇಲ್ತುದಿಯಲ್ಲಿ 20 ಡಿಬಿ ಗಳಿಕೆಯ, 1 ಡಿಬಿಗಿಂತ ಕಡಿಮೆ ಗದ್ದಲದ ಎಲ್‌ಎನ್‌ಎ ಕೂತರೆ ಕೆಳಗಿನ ಕೇಬಲ್ ಎಂಥದ್ದಾದರೂ ನಡೆಯುತ್ತದೆ, ಕೇಬಲ್ ಟಿವಿಯವರ ಆರ್‌ಜಿ-6 ಕೂಡ. ದುಡ್ಡು ಕಡಿಮೆಯಿದ್ದರೆ ಅದನ್ನು ದಪ್ಪ ಕೇಬಲ್‌ಗೆ ಸುರಿಯದೆ ಎಲ್‌ಎನ್‌ಎಗೆ ಹಾಕಿ.

ಆಂಟೆನಾಗಳು

137ಕ್ಕೆ ವಿ-ಡೈಪೋಲ್ ಸಾಕು. 3–4 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಸರಳು ಎರಡು, ತಲಾ 53.4 ಸೆಂ.ಮೀ. ನಡುವೆ 120 ಡಿಗ್ರಿ ಕೋನ, ನೆಲಕ್ಕೆ ಸಮಾನಾಂತರ, ವಿ ಆಕಾರದ ಬಾಯಿ ಉತ್ತರಕ್ಕೋ ದಕ್ಷಿಣಕ್ಕೋ. ನಡುವಿನ ಜೋಡಣೆಗೆ ವಿದ್ಯುತ್ ಕೆಲಸದವರು ಬಳಸುವ ಸ್ಕ್ರೂ ಟರ್ಮಿನಲ್ ಬ್ಲಾಕ್ ಸಾಕು. ಒಂದು ಕಡೆಗೆ ಕೇಬಲ್ಲಿನ ನಡುತಂತಿ, ಇನ್ನೊಂದಕ್ಕೆ ಹೊರಗಿನ ಲೋಹದ ಹೆಣಿಗೆ. ಹತ್ತು ನಿಮಿಷದ ಕೆಲಸ. ಯಾವ ಹೊಸ ಜಾಗಕ್ಕೆ ಹೋದರೂ ಮೊದಲು ನಿಲ್ಲಿಸಬೇಕಾದದ್ದು ಇದನ್ನೇ, ಯಾಕೆಂದರೆ ಉಳಿದದ್ದೆಲ್ಲ ಕೈಕೊಟ್ಟರೂ ಇದು ಏನಾದರೊಂದು ಹಿಡಿದುಕೊಡುತ್ತದೆ.

437ಕ್ಕೆ ಆರೇಳು ಸರಳಿನ ಯಾಗಿ, 145ಕ್ಕೆ ಮೂರು ಸರಳಿನದು. ಪರೀಕ್ಷೆಯಾದ ಒಂದು ನಕ್ಷೆಯನ್ನೇ ಅನುಸರಿಸಿ, ಅಂದಾಜಿಗೆ ಕತ್ತರಿಸಬೇಡಿ. 437ರಲ್ಲಿ ಸರಳಿನ ಉದ್ದ 30–34 ಸೆಂ.ಮೀ., ಮೂರು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಅನುರಣನ ನಾಲ್ಕು ಮೆಗಾಹರ್ಟ್ಸ್ ಸರಿಯುತ್ತದೆ. ಮರದ ಬೂಮ್‌ಗೆ ಕೊಟ್ಟ ಅಳತೆಯನ್ನು ಅಲ್ಯೂಮಿನಿಯಂ ಚೌಕ ಪೈಪಿಗೆ ಹಾಗೆಯೇ ಹಾಕಿದರೂ ಕೆಡುತ್ತದೆ, ಲೋಹದ ಬೂಮ್‌ಗೆ ಬೇರೆ ತಿದ್ದುಪಡಿ ಬೇಕು. ಕೊನೆಗೆ ಆಂಟೆನಾ ಅಳೆಯುವ ಪುಟ್ಟ ಉಪಕರಣ ನ್ಯಾನೋವಿಎನ್‌ಎ ಹಿಡಿದು 435ರಿಂದ 438ರವರೆಗೆ ಎಸ್‌ಡಬ್ಲ್ಯೂಆರ್ (ಹೊಂದಾಣಿಕೆಯ ಅಳತೆ, 1 ಆದರೆ ಪೂರ್ತಿ ಸರಿ) 1.5ರ ಒಳಗಿದೆಯೇ ನೋಡಿ. ಅಳೆಯುವಾಗ ಆಂಟೆನಾವನ್ನು ಆಕಾಶಕ್ಕೆ ತೋರಿಸಿ. ಮನೆಯ ಗೋಡೆಗೆ, ತಗಡಿನ ಮಾಡಿಗೆ ತೋರಿಸಿ ಅಳೆದರೆ ಅದು ಗೋಡೆಯ ಅಳತೆ.

ಪುಟ್ಟ ಉಪಗ್ರಹಗಳು ಉರುಳುತ್ತಲೇ ಸಾಗುತ್ತವೆ. ಒಂದೇ ಯಾಗಿ ಅಡ್ಡ ಇಟ್ಟರೆ ಸಿಗ್ನಲ್ ಕೆಲವು ಸೆಕೆಂಡಿಗೊಮ್ಮೆ ಆಳಕ್ಕೆ ಬೀಳುತ್ತದೆ. ಒಂದೇ ಬೂಮ್‌ನಲ್ಲಿ ಅಡ್ಡಕ್ಕೊಂದು, ಉದ್ದಕ್ಕೊಂದು ಯಾಗಿ ಹಾಕಿ, ಎರಡರ ನಡುವೆ ಕಾಲು ಅಲೆಯುದ್ದ, ಅಂದರೆ 17.2 ಸೆಂ.ಮೀ. ಮುಂದೆ-ಹಿಂದೆ ಬಿಟ್ಟು, ಸಮ ಉದ್ದದ ಕೇಬಲ್‌ಗಳಿಂದ ಜೋಡಿಸಿದರೆ ವೃತ್ತೀಯ ಧ್ರುವೀಕರಣ ಸಿಗುತ್ತದೆ. ಎರಡು 50 ಓಂ ಆಂಟೆನಾಗಳನ್ನು ಹಾಗೇ ಸೇರಿಸಿದರೆ 25 ಓಂ ಆಗುತ್ತದೆ. ಅದಕ್ಕೆ ಪ್ರತಿಯೊಂದಕ್ಕೂ 75 ಓಂ ಕೇಬಲ್ಲಿನ ಒಂದು ತುಂಡು ಬೇಕು, ಉದ್ದ ಕಾಲು ಅಲೆಯ ಬೆಸಪಟ್ಟು. ನೊರೆ ತುಂಬಿದ ಆರ್‌ಜಿ-6 ಆದರೆ ವೇಗಾಂಕ (ಬೆಳಕಿನ ವೇಗಕ್ಕೆ ಹೋಲಿಸಿದರೆ ಕೇಬಲ್ಲಿನೊಳಗಿನ ಅಲೆಯ ವೇಗ) 0.82ರ ಆಸುಪಾಸು, ಹಾಗಾಗಿ ಕಾಲು ಅಲೆಗೆ 14 ಸೆಂ.ಮೀ., ಮುಕ್ಕಾಲಿಗೆ 42. ಹದಿನಾಲ್ಕು ಸೆಂ.ಮೀ. ತುಂಡು ಎರಡು ಆಂಟೆನಾದ ನಡುವೆ ಎಟಕುವುದಿಲ್ಲ, 42ನ್ನೇ ಬಳಸಿ. ಕತ್ತರಿಸುವಾಗ ಒಂದು ಸೆಂ.ಮೀ. ಉಳಿಸಿಕೊಂಡು ನ್ಯಾನೋವಿಎನ್‌ಎ ನೋಡಿಕೊಂಡೇ ತರಿಯಿರಿ, ಪೇಟೆಯಲ್ಲಿ ಸಿಗುವ ಕೇಬಲ್‌ಗಳ ವೇಗಾಂಕ ಒಂದೇ ಥರ ಇರುವುದಿಲ್ಲ.

ಎಸ್ ಬ್ಯಾಂಡ್ ಎಂದು ಮೊದಲ ವರ್ಷವೇ ಡಿಶ್ ಕೊಳ್ಳಬೇಡಿ. 2.2 ಗಿಗಾಹರ್ಟ್ಸ್‌ನಲ್ಲಿ 1.2 ಮೀಟರ್ ಡಿಶ್‌ನ ಕಿರಣದ ಅಗಲ 8 ಡಿಗ್ರಿ. ಗುರಿ 4 ಡಿಗ್ರಿ ತಪ್ಪಿದರೆ ಅರ್ಧ ಶಕ್ತಿ ಹೋಯಿತು. ಯಾಗಿಯ ಅಗಲ 45 ಡಿಗ್ರಿ, ಹತ್ತು ಡಿಗ್ರಿ ತಪ್ಪಿದರೂ ನಷ್ಟ ಅರ್ಧ ಡಿಬಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಯಾಗಿಯಲ್ಲಿ ಕೈ ಪಳಗಲಿ.

ಮಂಗಳೂರಿನ ಎಫ್‌ಎಂ ಗದ್ದಲ

ಪೇಟೆಯೊಳಗೆ ಕೆಲಸ ಮಾಡುವವರಿಗೆ ಎಲ್ಲಕ್ಕಿಂತ ದೊಡ್ಡ ಕಾಟ ಇದು. ಮಂಗಳೂರು ಆಕಾಶವಾಣಿ 100.3, ಅದರ ಜೊತೆ ಖಾಸಗಿ ಎಫ್‌ಎಂಗಳು, ಸಮುದಾಯ ಬಾನುಲಿ ಸಾರಂಗ್ 107.8, ಮಣಿಪಾಲದ ಕಡೆ 90.4. ಇವೆಲ್ಲ ನಮ್ಮ −116 ಡಿಬಿಎಂ ಸಿಗ್ನಲ್ಲಿಗೆ ಹೋಲಿಸಿದರೆ ಕೋಟ್ಯಂತರ ಪಟ್ಟು ಜೋರು. ಎಂಟು ಬಿಟ್ಟಿನ ಅಗ್ಗದ ಡಾಂಗಲ್ ಅಷ್ಟನ್ನು ನುಂಗಲಾರದೆ ಒಳಗೇ ಕಲಬೆರಕೆ ಮಾಡುತ್ತದೆ. ಗುರುತು ಹೀಗೆ: ಗೇನ್, ಅಂದರೆ ರಿಸೀವರ್‌ನ ವರ್ಧನೆ, ಏರಿಸುತ್ತ ಹೋದಂತೆ ಒಂದು ಹಂತದಲ್ಲಿ ವಾಟರ್‌ಫಾಲ್‌ನ ಹಿನ್ನೆಲೆ ಇಡೀ ಒಮ್ಮೆಲೇ ಮೇಲಕ್ಕೆ ಜಿಗಿಯುತ್ತದೆ, 137ರಲ್ಲಿ ಹಾಡು ಕೇಳುತ್ತದೆ. ಗೇನ್ ಅನ್ನು ಆ ಹಂತದಿಂದ ಎರಡು ಮೆಟ್ಟಿಲು ಕೆಳಗೆ ಇಳಿಸಿ. ಸ್ವಯಂಚಾಲಿತ ಗೇನ್ ಯಾವತ್ತೂ ಬೇಡ.

88ರಿಂದ 108ರವರೆಗೆ ತಡೆಯುವ ಎಫ್‌ಎಂ ನಾಚ್ ಫಿಲ್ಟರ್ ಕಡ್ಡಾಯ. ಎಲ್ಲಿ ಹಾಕಬೇಕು? ಕದ್ರಿ ಗುಡ್ಡದ ಸುತ್ತಮುತ್ತ, ಟವರ್ ಕಣ್ಣಿಗೆ ಕಾಣುವಲ್ಲಿ, ಎಲ್‌ಎನ್‌ಎಗಿಂತ ಮೊದಲು. ಅರ್ಧ ಡಿಬಿ ಹೋದರೂ ಹೋಗಲಿ, ಇಲ್ಲದಿದ್ದರೆ ಎಲ್‌ಎನ್‌ಎಯೇ ಉಸಿರುಗಟ್ಟುತ್ತದೆ. ಊರಿನಿಂದ ದೂರದ ಪದವುಗಳಲ್ಲಾದರೆ (ಮೇಲೆ ಸಮತಟ್ಟಾದ ಗುಡ್ಡ) ಎಲ್‌ಎನ್‌ಎ ಮೊದಲು, ಫಿಲ್ಟರ್ ಆಮೇಲೆ. 137ಕ್ಕೆ ಇನ್ನೊಂದು ತೊಡಕಿದೆ, ವಿಮಾನಗಳ ಮಾತುಕತೆಯ ಬ್ಯಾಂಡ್ ಅದರ ಕೆಳಗೇ ತಾಗಿಕೊಂಡಿದೆ. ಬಜ್ಪೆ ಹತ್ತಿರವಿದ್ದರೆ ವಿಮಾನ ಇಳಿಯುವ ಹೊತ್ತಿಗೆ ಚಿತ್ರದಲ್ಲಿ ಅಡ್ಡ ಪಟ್ಟಿ ಬೀಳುವುದುಂಟು. ಆ ಪಟ್ಟಿಗೆ ಆಂಟೆನಾ ಕಾರಣವಲ್ಲ.

ಎಲ್‌ಎನ್‌ಎಗೆ ಕೇಬಲ್ಲಿನಲ್ಲೇ ಕರೆಂಟ್ ಕಳಿಸುವ ಬಯಾಸ್-ಟೀ ಇದ್ದರೆ ಒಂದು ಎಚ್ಚರ. ಫೋಲ್ಡೆಡ್ ಡೈಪೋಲ್ ಇರುವ ಆಂಟೆನಾ ನೇರ ಕರೆಂಟಿಗೆ ಶಾರ್ಟ್ ಇದ್ದಂತೆ. ಎಲ್‌ಎನ್‌ಎ ಇಲ್ಲದೆ ಆಂಟೆನಾ ನೇರ ಚುಚ್ಚಿ ಬಯಾಸ್ ಹಾಕಿದರೆ ಡಾಂಗಲ್ ಬಿಸಿಯಾಗಿ ಕೂರುತ್ತದೆ.

ಜಾಗ

ಕರಾವಳಿಯ ದೊಡ್ಡ ಭಾಗ್ಯ ಪಶ್ಚಿಮ. ಮಲ್ಪೆ, ಕಾಪು, ಸುರತ್ಕಲ್ ಎಲ್ಲಿ ನಿಂತರೂ ಸೊನ್ನೆ ಡಿಗ್ರಿಯವರೆಗೆ ಬಯಲು. ಪೂರ್ವದ ಘಟ್ಟಕ್ಕೆ ಹೆದರಬೇಕಿಲ್ಲ. ಕುದುರೆಮುಖದ 1,894 ಮೀಟರ್ ಶಿಖರ ಕೂಡ ಮಂಗಳೂರಿನಿಂದ ನೋಡಿದರೆ ಒಂದೆರಡು ಡಿಗ್ರಿಯಷ್ಟೇ ಏಳುತ್ತದೆ. ನಿಜವಾದ ಅಡ್ಡಿ ತೆಂಗಿನ ಮರ. 30 ಮೀಟರ್ ದೂರದಲ್ಲಿರುವ 12 ಮೀಟರ್ ಮರ 22 ಡಿಗ್ರಿ ಮುಚ್ಚುತ್ತದೆ, ಮಳೆಯಲ್ಲಿ ನೆನೆದ ಮಡಲು 437ನ್ನು ಇನ್ನಷ್ಟು ತಿನ್ನುತ್ತದೆ. ತೋಟದ ನಡುವಿನ ಅಂಗಳಕ್ಕಿಂತ ಪದವಿನ ಮೇಲಿನ ಶಾಲೆಯ ಮೈದಾನ, ಕೊಯ್ಲು ಮುಗಿದ ಬೈಲಿನ ಗದ್ದೆ ಎಷ್ಟೋ ಮೇಲು.

ನೀರಂಚಿನಲ್ಲೇ ನಿಲ್ಲಿಸುವ ಆಸೆ ಬೇಡ. ಉಪಗ್ರಹ ಕೆಳಗಿದ್ದಾಗ ಸಮುದ್ರದ ಮೇಲಿನ ಪ್ರತಿಫಲನ ನೇರ ಸಿಗ್ನಲ್ ಜೊತೆ ಸೇರಿ ಒಮ್ಮೆ ಏರಿಸುತ್ತದೆ, ಒಮ್ಮೆ ಅಳಿಸುತ್ತದೆ. ಉಪ್ಪುಹನಿಯೂ ಅಲ್ಲೇ ಹೆಚ್ಚು. ನೂರಿನ್ನೂರು ಮೀಟರ್ ಒಳಕ್ಕೆ ಬಂದು, ಉಪಗ್ರಹ 10 ಡಿಗ್ರಿ ದಾಟುವವರೆಗೆ ಆಂಟೆನಾವನ್ನು 10ರಲ್ಲೇ ಹಿಡಿದಿಡಿ. ಬೇಸಿಗೆಯಲ್ಲಿ ಅರಬ್ಬಿ ಸಮುದ್ರದ ಮೇಲಿನ ಗಾಳಿಯ ಪದರಗಳು ದೂರದ ನೆಲದ ಕೇಂದ್ರಗಳ ಸಿಗ್ನಲ್ಲನ್ನು ಕೊಳವೆಯಲ್ಲಿ ಹರಿಸಿದ ಹಾಗೆ ತಂದು ಬಿಡುತ್ತವೆ. ಗುರುತಿಸುವುದು ಸುಲಭ: ಅವುಗಳ ಗೆರೆ ವಾಟರ್‌ಫಾಲ್‌ನಲ್ಲಿ ನೆಟ್ಟಗಿರುತ್ತದೆ, ಉಪಗ್ರಹದ್ದು ಡಾಪ್ಲರ್‌ನಿಂದ, ಅಂದರೆ ಅದರ ಓಟದಿಂದಾಗುವ ಆವರ್ತನದ ಬದಲಾವಣೆಯಿಂದ, ಎಸ್ ಆಕಾರಕ್ಕೆ ಬಾಗುತ್ತದೆ.

ಬೀಚಿನಲ್ಲಿ ಯಾಗಿ ತಿರುಗಿಸುತ್ತಿದ್ದರೆ ಜನ ಸೇರುತ್ತಾರೆ, ಪೊಲೀಸರೂ ಬರುತ್ತಾರೆ. ಅವರು ಬರುವುದು ಸರಿಯೇ, ಇದು ಗಡಿ ಕಡಲು. ಹಿಂದಿನ ದಿನವೇ ಸ್ಥಳೀಯ ಠಾಣೆಗೆ, ಕಡಲತೀರವಾದರೆ ಕರಾವಳಿ ಕಾವಲು ಪೊಲೀಸರಿಗೆ ಸಂಸ್ಥೆಯ ಪತ್ರ ಕೊಟ್ಟು, ಮುದ್ರೆ ಬಿದ್ದ ಪ್ರತಿಯನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಿ. ನವಮಂಗಳೂರು ಬಂದರು, ವಿಮಾನ ನಿಲ್ದಾಣ, ತೈಲ ಘಟಕಗಳ ಸುತ್ತ ಹೋಗಲೇಬೇಡಿ.

ನೆಲಕ್ಕೆ ನಿಲ್ಲಿಸುವುದು

ಮುರಕಲ್ಲಿನ ಪದವಿನಲ್ಲಿ ಗೂಟ ಇಳಿಯುವುದಿಲ್ಲ, ಪಿಕ್ಕಾಸು ಹಿಡಿದು ಬಡಿದರೆ ಗೂಟವೇ ಬಾಗುತ್ತದೆ. ಸಿಮೆಂಟಿನ ಖಾಲಿ ಚೀಲಕ್ಕೆ ಅರ್ಧ ಮರಳು ತುಂಬಿ ಟ್ರೈಪಾಡ್‌ನ ಪ್ರತಿ ಕಾಲಿಗೆ ಒಂದೊಂದು, ತಲಾ 25 ಕಿಲೋ ಆಗುವ ಹಾಗೆ ಹೇರಿ. ಮರಳಿನಲ್ಲಾದರೆ ಗೂಟ ಇಳಿಯುತ್ತದೆ, ಆದರೆ ಅಷ್ಟೇ ಸುಲಭವಾಗಿ ಕಿತ್ತು ಬರುತ್ತದೆ. ಅಲ್ಲಿ ಅರ್ಧ ಮೀಟರ್ ಗುಂಡಿ ತೋಡಿ, ಮರಳು ತುಂಬಿದ ಚೀಲಕ್ಕೆ ಹಗ್ಗ ಕಟ್ಟಿ ಹೂಳಿ, ಹಗ್ಗದ ತುದಿ ಹೊರಗೆ ಬಿಡಿ. ಹಗ್ಗ ಮತ್ತು ತುಕ್ಕು ಹಿಡಿಯದ ಕೊಂಡಿಗಳನ್ನು ಮಲ್ಪೆ ಬಂದರಿನಲ್ಲೋ ಮಂಗಳೂರಿನ ಧಕ್ಕೆಯ ಹತ್ತಿರವೋ ಬೋಟಿನವರು ಕೊಳ್ಳುವ ಅಂಗಡಿಯಲ್ಲೇ ತೆಗೆದುಕೊಳ್ಳಿ. ನೈಲಾನ್ ಒದ್ದೆಯಾದರೆ ಸಡಿಲಾಗುತ್ತದೆ, ಪಾಲಿಯೆಸ್ಟರ್ ಹಗ್ಗ ಕೇಳಿ.

ಕಂಬ 2 ಮೀಟರ್ ಸಾಕು. ಆಕಾಶ ನೋಡುವ ಆಂಟೆನಾಕ್ಕೆ ಎತ್ತರದಿಂದ ಹೆಚ್ಚು ಲಾಭವಿಲ್ಲ, ಮಧ್ಯಾಹ್ನದ ಕಡಲಗಾಳಿಗೆ ಬೀಳುವ ಅಪಾಯ ಮಾತ್ರ ಹೆಚ್ಚುತ್ತದೆ. ಕಂಬ ನೆಟ್ಟಗಿದೆಯೇ ಎಂದು ಗಾರೆಯವರ ಮಟ್ಟಗೋಲಿನಿಂದ ಎರಡು ಬದಿಯಲ್ಲಿ ನೋಡಿ. ಕಂಬ ವಾಲಿದ್ದರೆ ಅಜಿಮತ್ (ಉತ್ತರದಿಂದ ಅಳೆದ ದಿಕ್ಕು) ತಿರುಗಿದ ಹಾಗೆಲ್ಲ ಎಲಿವೇಶನ್ (ದಿಗಂತದಿಂದ ಮೇಲಿನ ಕೋನ) ತಪ್ಪುತ್ತದೆ, ಆ ತಪ್ಪನ್ನು ಸಾಫ್ಟ್‌ವೇರ್‌ನಲ್ಲಿ ಸುಲಭವಾಗಿ ತಿದ್ದಲಾಗದು.

ಉತ್ತರ ಹುಡುಕುವುದು

ನಮ್ಮಲ್ಲಿ ದಿಕ್ಸೂಚಿಯ ಉತ್ತರಕ್ಕೂ ನಿಜ ಉತ್ತರಕ್ಕೂ ಇರುವ ವ್ಯತ್ಯಾಸ 2 ಡಿಗ್ರಿಯೊಳಗೆ, ಯಾಗಿಗೆ ಅದು ಲೆಕ್ಕಕ್ಕಿಲ್ಲ. ಕೆಡಿಸುವುದು ಕಬ್ಬಿಣ. ಕಾರಿನ ಬಾನೆಟ್ ಮೇಲೋ ರೋಟರ್ ಪಕ್ಕದಲ್ಲೋ ಮೊಬೈಲ್ ಇಟ್ಟು ನೋಡಿದರೆ 20–30 ಡಿಗ್ರಿ ತಪ್ಪು ಬರಬಹುದು. ಕಬ್ಬಿಣದ ಅಂಶವಿರುವ ಮುರಕಲ್ಲಿನ ನೆಲದಲ್ಲಿ ದಿಕ್ಸೂಚಿಯನ್ನು ಪೂರ್ತಿ ನಂಬಬೇಡಿ.

ಸೂರ್ಯನನ್ನು ನಂಬಿ. ಬೆಳಗ್ಗೆ ಒಂಬತ್ತರ ಹೊತ್ತಿಗೆ ಮೊಬೈಲಿನ ಯಾವುದಾದರೂ ಖಗೋಳ ಆಪ್‌ನಿಂದ ಸೂರ್ಯನ ಅಜಿಮತ್, ಎಲಿವೇಶನ್ ತೆಗೆದು ರೋಟರ್‌ಗೆ ಅದೇ ಅಂಕಿ ಕೊಡಿ. ಬೂಮ್‌ನ ಹಿಂತುದಿಯ ಹಿಂದೆ ಒಂದು ಬಿಳಿ ರಟ್ಟು ಹಿಡಿಯಿರಿ. ಗುರಿ ಸರಿಯಿದ್ದರೆ ಒಂದು ಮೀಟರ್ ಉದ್ದದ ಬೂಮ್ ರಟ್ಟಿನ ಮೇಲೆ ಒಂದು ಪುಟ್ಟ ಚೌಕವಾಗಿ ಬೀಳುತ್ತದೆ, ಎಲ್ಲ ಸರಳುಗಳ ನೆರಳು ಒಂದರ ಮೇಲೊಂದು ಕೂತು ಒಂದೇ ಗೆರೆಯಾಗುತ್ತದೆ. ಒಂದು ಡಿಗ್ರಿ ತಪ್ಪಿದ್ದರೆ ಚೌಕ 17 ಮಿ.ಮೀ. ಉದ್ದಕ್ಕೆ ಎಳೆದುಕೊಳ್ಳುತ್ತದೆ. ಅಡ್ಡಕ್ಕೆ ಎಳೆದರೆ ಅಜಿಮತ್ ತಪ್ಪು, ಮೇಲೆ-ಕೆಳಗೆ ಎಳೆದರೆ ಎಲಿವೇಶನ್ ತಪ್ಪು. ಕಂಬದ ಕ್ಲಾಂಪ್ ಸಡಿಲಿಸಿ ನೆರಳು ಕೂಡುವವರೆಗೆ ತಿರುಗಿಸಿ ಬಿಗಿಯಿರಿ. ಎರಡು ಗಂಟೆ ಬಿಟ್ಟು ಮತ್ತೊಮ್ಮೆ ನೋಡಿ. ಆಗ ತಪ್ಪು ಕಂಡರೆ ಕಂಬ ವಾಲಿದೆ ಎಂದೇ ಅರ್ಥ.

ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ನಮ್ಮಲ್ಲಿ ಸೂರ್ಯ ಮಧ್ಯಾಹ್ನ ನೆತ್ತಿಗೇ ಬರುತ್ತಾನೆ. ಆ ದಿನಗಳಲ್ಲಿ ಹನ್ನೆರಡೂವರೆಯ ಸೂರ್ಯನಿಂದ ದಿಕ್ಕು ಸಿಗದು, ಬೆಳಗ್ಗೆ ಅಥವಾ ಸಂಜೆಯೇ ಮಾಡಿ ಮುಗಿಸಿ. ಮೋಡದ ದಿನ? ನಿಮ್ಮ ಜಾಗದಿಂದ ಕಾಣುವ ಕಾಪು ದೀಪಸ್ತಂಭದಂಥ ದೂರದ ಗುರುತಿನ ದಿಕ್ಕನ್ನು ಮೊದಲೇ ನಕ್ಷೆಯಿಂದ ಅಳೆದು ಬರೆದಿಟ್ಟುಕೊಂಡಿರಬೇಕು.

ರೋಟರ್, ಗಡಿಯಾರ, ವಿದ್ಯುತ್

ಯೇಸು ಜಿ-5500 ಥರದ ರೋಟರ್ ಅಜಿಮತ್‌ನಲ್ಲಿ 450 ಡಿಗ್ರಿ, ಎಲಿವೇಶನ್‌ನಲ್ಲಿ 180 ಡಿಗ್ರಿ ತಿರುಗುತ್ತದೆ. ಒಂದು ಸುತ್ತಿಗೆ ಒಂದು ನಿಮಿಷ ಅಥವಾ ತುಸು ಹೆಚ್ಚು, ಅಂದರೆ ಸೆಕೆಂಡಿಗೆ 5–6 ಡಿಗ್ರಿ. ಉಪಗ್ರಹ 85 ಡಿಗ್ರಿ ಎತ್ತರದಲ್ಲಿ ಹಾದರೆ ಅಜಿಮತ್ ಸೆಕೆಂಡಿಗೆ 10 ಡಿಗ್ರಿಯಂತೆ ಓಡುತ್ತದೆ, ರೋಟರ್ ಹಿಂದೆ ಬೀಳುತ್ತದೆ. ಯಾಗಿಯ ಅಗಲ ಕಿರಣ ಅದನ್ನು ಮುಚ್ಚಿಕೊಳ್ಳುತ್ತದೆ, ಡಿಶ್ ಮುಚ್ಚಿಕೊಳ್ಳುವುದಿಲ್ಲ. 180 ಡಿಗ್ರಿ ಎಲಿವೇಶನ್ ಇರುವ ರೋಟರ್‌ನಲ್ಲಿ ಅಂಥ ಪಾಸ್‌ಗೆ ಮಗುಚುವ ಕ್ರಮ ಆರಿಸಿ, ಆಗ ಅಜಿಮತ್ ತಿರುಗದೆ ಎಲಿವೇಶನ್ ನೆತ್ತಿ ದಾಟಿ ಆಚೆ ಬಾಗುತ್ತದೆ. ಕೇಬಲ್‌ಗೆ ರೋಟರ್ ಬಳಿ ದೊಡ್ಡ ಸುತ್ತು ಬಿಟ್ಟು, ಪಾಸ್‌ಗೆ ಮೊದಲು ಎರಡೂ ತುದಿಗೆ ಒಮ್ಮೆ ತಿರುಗಿಸಿ ಕೇಬಲ್ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ ಎಂದು ಕಣ್ಣಾರೆ ನೋಡಿ. ಉಪಗ್ರಹದ ಜಾಡು ಹಿಡಿಯುವ ಸಾಫ್ಟ್‌ವೇರ್ ಜಿಪ್ರೆಡಿಕ್ಟ್, ಉಪಕರಣ ನಿಯಂತ್ರಿಸುವ ಹ್ಯಾಮ್‌ಲಿಬ್ ಮೂಲಕ, ರೋಟರ್‌ಗೆ 4533 ಪೋರ್ಟಿನಲ್ಲಿ, ರಿಸೀವರ್‌ಗೆ 4532ರಲ್ಲಿ ಮಾತಾಡುತ್ತದೆ. ರೋಟರ್ ಸತ್ತರೆ ಆಂಟೆನಾ ಬಿಚ್ಚಿ ಕೈಯಲ್ಲಿ ಹಿಡಿದೇ ತೋರಿಸಿ, ಹತ್ತು ನಿಮಿಷಕ್ಕೆ ಅದು ಖಂಡಿತ ಸಾಧ್ಯ. ಬೂಮ್‌ನ ಸಮತೂಕದ ಜಾಗದಲ್ಲಿ ಹಿಡಿಕೆಗೆ ಮೊದಲೇ ತೂತು ಕೊರೆದಿಡಿ.

ಗಡಿಯಾರದ ತಪ್ಪು ಬೇರೆಲ್ಲಕ್ಕಿಂತ ಮೋಸ, ಯಾಕೆಂದರೆ ಎಲ್ಲವೂ ಸರಿಯಾಗಿ ಓಡುತ್ತಿರುವ ಹಾಗೆಯೇ ಕಾಣುತ್ತದೆ. ನೆತ್ತಿಯ ಮೇಲೆ ಉಪಗ್ರಹ ಸೆಕೆಂಡಿಗೆ 0.87 ಡಿಗ್ರಿ ಓಡುತ್ತದೆ, 437ರಲ್ಲಿ ಡಾಪ್ಲರ್ ಸೆಕೆಂಡಿಗೆ 165 ಹರ್ಟ್ಸ್ ಆಸುಪಾಸು ಬದಲಾಗುತ್ತದೆ. ಹತ್ತು ಸೆಕೆಂಡ್ ತಪ್ಪಿದರೆ ಪಾಸ್‌ನ ನಡುವೆ ಒಂದೂವರೆ ಕಿಲೋಹರ್ಟ್ಸ್‌ಗೂ ಮೀರಿ ತಪ್ಪು. ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4ರವರೆಗಿನ ಬೋರ್ಡ್‌ಗಳಲ್ಲಿ ಬ್ಯಾಟರಿ ಗಡಿಯಾರವೇ ಇಲ್ಲ. ನೆಟ್‌ವರ್ಕ್ ಸಿಗದ ಪದವಿನಲ್ಲಿ ಅದನ್ನು ಆನ್ ಮಾಡಿದರೆ ನಿನ್ನೆ ಆಫ್ ಮಾಡಿದ ಹೊತ್ತನ್ನೇ ತೋರಿಸುತ್ತದೆ. ಡಿಎಸ್3231 ಗಡಿಯಾರದ ಬೋರ್ಡ್ ಅಥವಾ ಯುಎಸ್‌ಬಿ ಜಿಪಿಎಸ್ ಹಾಕಿ. ಜಾಗತಿಕ ಸಮಯವಾದ ಯುಟಿಸಿಗೂ ನಮ್ಮ ಸಮಯಕ್ಕೂ ಇರುವ ಐದೂವರೆ ಗಂಟೆ ಗೊಂದಲವನ್ನು ತಪ್ಪಿಸಲು ದಾಖಲೆಯನ್ನೆಲ್ಲ ಯುಟಿಸಿಯಲ್ಲೇ ಬರೆಯಿರಿ. ಕಕ್ಷೆಯ ಟಿಎಲ್‌ಇ ಅಂಕಿಗಳನ್ನು ಸೆಲೆಸ್‌ಟ್ರ್ಯಾಕ್ ಜಾಲತಾಣದಿಂದ ಹೊರಡುವ ದಿನ ಬೆಳಗ್ಗೆಯೇ ಇಳಿಸಿಕೊಳ್ಳಿ. ಬಾಹ್ಯಾಕಾಶ ನಿಲ್ದಾಣ ತನ್ನ ಕಕ್ಷೆಯನ್ನು ಆಗಾಗ ಏರಿಸಿಕೊಳ್ಳುವುದರಿಂದ ಅದರದ್ದು ಬೇಗ ಹಳಸುತ್ತದೆ. ಡಾಂಗಲ್‌ನಲ್ಲಿ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ಮಾತ್ರ ತಪ್ಪುವ ಆಂದೋಲಕ ಇರಲಿ, 437ರಲ್ಲಿ ತಪ್ಪು 437 ಹರ್ಟ್ಸ್ ಮಾತ್ರ. ಹೆಸರಿಲ್ಲದ ಅಗ್ಗದ ಡಾಂಗಲ್ 50 ಪಿಪಿಎಂ ತಪ್ಪಿದರೆ 22 ಕಿಲೋಹರ್ಟ್ಸ್ ಆಚೆ ಹುಡುಕಬೇಕು.

ವಿದ್ಯುತ್ತಿನ ಲೆಕ್ಕ: ಲ್ಯಾಪ್‌ಟಾಪ್ 35 ವ್ಯಾಟ್, ಪೈ-ಡಾಂಗಲ್-ಎಲ್‌ಎನ್‌ಎ ಸೇರಿ 10, ರೋಟರ್ ಸರಾಸರಿ 15. ಐದು ಗಂಟೆಗೆ 300 ವ್ಯಾಟ್-ಗಂಟೆ. 12.8 ವೋಲ್ಟ್ 30 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಂದು ಸಾಕು. ಅಗ್ಗದ ಇನ್ವರ್ಟರ್, ಸೋಲಾರ್ ಚಾರ್ಜರ್, ಎಲ್‌ಇಡಿ ಬಲ್ಬು 145ರಲ್ಲಿ ಬೇಲಿಯ ಹಾಗೆ ಸಾಲು ಗೆರೆ ಎಬ್ಬಿಸುತ್ತವೆ. ಪಾಸ್‌ನ ಹೊತ್ತಿಗೆ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲೇ ಓಡಲಿ. ರೋಟರ್ ಡಿಸಿಯಲ್ಲಿ ಓಡುವಂಥದ್ದಾದರೆ ಇನ್ವರ್ಟರೇ ಬೇಡ.

ಪಾಸ್ ಮತ್ತು ಆಮೇಲೆ

ಪಾಸ್‌ಗೆ ಹದಿನೈದು ನಿಮಿಷ ಮೊದಲು ಎಫ್‌ಎಂ ಕೇಂದ್ರವೊಂದನ್ನು ಹಾಕಿ ರಿಸೀವರ್ ಜೀವಂತವಿದೆಯೇ ನೋಡಿ. ಎಲ್‌ಎನ್‌ಎ ಆನ್-ಆಫ್ ಮಾಡಿ, ಹಿನ್ನೆಲೆ ಗದ್ದಲ ಏರಿಳಿಯಬೇಕು. ಏರದಿದ್ದರೆ ಬಯಾಸ್ ತಲುಪುತ್ತಿಲ್ಲ, ಹೆಚ್ಚಾಗಿ ಕನೆಕ್ಟರ್ ಒಳಗಿನ ಸೂಜಿ ಹಿಂದೆ ಸರಿದಿರುತ್ತದೆ. ಐದು ನಿಮಿಷ ಮೊದಲೇ ರೆಕಾರ್ಡಿಂಗ್ ಶುರು ಮಾಡಿ, ಡಿಕೋಡ್ ಆಗಲಿ ಬಿಡಲಿ, ರಿಸೀವರ್ ಹಿಡಿದ ಕಚ್ಚಾ ಐಕ್ಯೂ ದತ್ತಾಂಶವನ್ನೇ ಉಳಿಸಿ. ಸೆಕೆಂಡಿಗೆ 2.4 ಲಕ್ಷ ಮಾದರಿ, ಎಂಟು ಬಿಟ್ಟಿನಲ್ಲಿ ಹತ್ತು ನಿಮಿಷಕ್ಕೆ 288 ಎಂಬಿ. ಅದನ್ನೇ 32 ಬಿಟ್ ಫ್ಲೋಟ್‌ನಲ್ಲಿ ಬರೆದರೆ ನಾಲ್ಕು ಪಟ್ಟು, ಪೈಯ ಮೆಮೊರಿ ಕಾರ್ಡ್ ನಡುದಾರಿಯಲ್ಲಿ ತುಂಬಿ ನಿಲ್ಲುತ್ತದೆ. ಕಚ್ಚಾ ಫೈಲಿದ್ದರೆ ಮನೆಗೆ ಬಂದು ನೂರು ಸಲ ಡಿಕೋಡ್ ಮಾಡಿ ನೋಡಬಹುದು.

ಡಿಕೋಡ್ ಮಾಡುವ ಸಾಫ್ಟ್‌ವೇರ್‌ಗಳು: ಮೆಟಿಯೋರ್‌ಗೆ ಸ್ಯಾಟ್‌ಡಂಪ್, ಕ್ಯೂಬ್‌ಸ್ಯಾಟ್‌ಗಳಿಗೆ ಗ್ನೂ ರೇಡಿಯೋದ ಜಿಆರ್-ಸ್ಯಾಟಲೈಟ್ಸ್, 1200 ಪ್ಯಾಕೆಟ್‌ಗೆ ಡೈರ್‌ವುಲ್ಫ್. ಎದುರಾಗುವ ತೊಂದರೆಗಳು ಹೆಚ್ಚುಕಡಿಮೆ ಇವೇ. ಗೆರೆ ಎದುರು ದಿಕ್ಕಿಗೆ ಬಾಗಿದ್ದರೆ ಡಾಪ್ಲರ್ ತಿದ್ದುಪಡಿ ಎರಡು ಕಡೆ ಆಗುತ್ತಿದೆ, ಜಿಪ್ರೆಡಿಕ್ಟ್‌ನಲ್ಲೂ ಡಿಕೋಡರ್‌ನಲ್ಲೂ, ಒಂದನ್ನು ನಿಲ್ಲಿಸಿ. 9600 ಬಾಡ್ ಸಿಗ್ನಲ್ ಜೋರಾಗಿದ್ದೂ ಬಿಚ್ಚದಿದ್ದರೆ ಧ್ವನಿಯ ಹಾದಿಯಲ್ಲಿ ಹೆಚ್ಚಿನ ಆವರ್ತನಗಳನ್ನು ತಗ್ಗಿಸುವ ಡಿ-ಎಂಫಸಿಸ್ ಫಿಲ್ಟರ್ ಚಾಲೂ ಇದೆ, ತೆಗೆಯಿರಿ. ಸಿಗ್ನಲ್ ನಿಯಮಿತವಾಗಿ ಬಿದ್ದೇಳುತ್ತಿದ್ದರೆ ಉಪಗ್ರಹ ಉರುಳುತ್ತಿದೆ, ನಿಮ್ಮ ತಪ್ಪಲ್ಲ. ಬೀಳುವ ಅವಧಿ ಅಳೆದು ಬರೆದಿಡಿ, ಉಪಗ್ರಹ ಕಟ್ಟಿದವರಿಗೆ ಅದೇ ಒಂದು ಮಾಹಿತಿ. ಬಿಚ್ಚಿದ ಫ್ರೇಮ್‌ಗಳನ್ನು ಸಮಯ ಮತ್ತು ಜಾಗದ ಗ್ರಿಡ್ (ಹವ್ಯಾಸಿ ರೇಡಿಯೋದವರು ಬಳಸುವ ನಕ್ಷೆಚೌಕದ ಸಂಕೇತ) ಸಮೇತ ಸ್ಯಾಟ್‌ನಾಗ್ಸ್‌ಗೆ ಕಳಿಸಿ. ಮಂಗಳೂರು ಎಂಕೆ72, ಉಡುಪಿ ಎಂಕೆ73.

ಉಪ್ಪು, ಮಳೆ, ಸಿಡಿಲು

ಒಂದು ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ. ಆಸುಪಾಸು ಮಳೆ ಬೀಳುವ ಊರು ನಮ್ಮದು. ಪಿಎಲ್-259 ಕನೆಕ್ಟರ್ ನೀರು ತಡೆಯುವುದಿಲ್ಲ, ಹೊರಗಿರುವುದೆಲ್ಲ ಎನ್ ಮಾದರಿಯೇ ಆಗಲಿ. ಅದರ ಮೇಲೆ ತನಗೆ ತಾನೇ ಅಂಟುವ ರಬ್ಬರ್ ಟೇಪನ್ನು ಅಗಲ ಅರ್ಧವಾಗುವಷ್ಟು ಎಳೆದು, ಕೆಳಗಿನಿಂದ ಮೇಲಕ್ಕೆ ಸುತ್ತಿ. ಮಾಡಿಗೆ ಹೆಂಚು ಹೊದೆಸಿದ ಹಾಗೆ ಮೇಲಿನ ಸುತ್ತು ಕೆಳಗಿನದರ ಮೇಲೆ ಕೂರಬೇಕು, ತಿರುಗಾ ಸುತ್ತಿದರೆ ಪ್ರತಿ ಪದರವೂ ನೀರಿಗೆ ಬಾಯಿ ತೆರೆದ ಬಟ್ಟಲಾಗುತ್ತದೆ. ಅಲ್ಯೂಮಿನಿಯಂ ಬೂಮ್‌ಗೆ ಹಿತ್ತಾಳೆ ಸ್ಕ್ರೂ ಹಾಕಬೇಡಿ, ಒಂದು ಮಳೆಗಾಲದಲ್ಲಿ ಬಿಳಿ ಪುಡಿ ಬಂದು ಸಂಪರ್ಕ ಹೋಗುತ್ತದೆ. 316 ದರ್ಜೆಯ ಸ್ಟೀಲ್ ಬೋಲ್ಟ್, ಕೀಲಿಗೆ ಸ್ವಲ್ಪ ಸಿಲಿಕೋನ್ ಗ್ರೀಸ್.

ಏಪ್ರಿಲ್–ಮೇ ಮತ್ತು ಅಕ್ಟೋಬರ್ ಸಂಜೆಗಳ ಗುಡುಗಿನ ವಿಷಯದಲ್ಲಿ ಧೈರ್ಯ ಬೇಡ. ಬಯಲ ನಡುವೆ ಲೋಹದ ಕಂಬದ ಪಕ್ಕ ನಿಂತಿರುವವರು ನೀವು. ಗುಡುಗು ಕಿವಿಗೆ ಕೇಳಿದರೆ ಕೇಬಲ್ ಕಿತ್ತು ಕಾರಿನೊಳಗೆ ಕೂರಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಬರಬೇಡಿ, ಪಾಸ್ ಹೋದರೆ ಹೋಗಲಿ. ಒಣ ಮುರಕಲ್ಲಿನಲ್ಲಿ ಒಂದಡಿ ಸರಳು ಚುಚ್ಚಿ ಅರ್ಥಿಂಗ್ ಆಯಿತು ಎಂದುಕೊಳ್ಳುವುದು ಬರೀ ಭ್ರಮೆ.

ಕಡಲ ಹತ್ತಿರದಿಂದ ಬಂದ ದಿನವೇ ಆಂಟೆನಾ, ಟ್ರೈಪಾಡ್, ಹಗ್ಗವನ್ನು ಬಾವಿ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಕೇಬಲ್ಲನ್ನು ಮೊಣಕೈಗೆ ಸುತ್ತಬೇಡಿ, ಒಳಗಿನ ತಂತಿ ಒಂದು ಬದಿಗೆ ಸರಿಯುತ್ತದೆ. ನೆಲದ ಮೇಲೆ ಎರಡಡಿ ಅಗಲದ ಸುತ್ತು ಹಾಕಿ ಮೂರು ಕಡೆ ಕಟ್ಟಿ. ಡಾಂಗಲ್, ಎಲ್‌ಎನ್‌ಎ, ಫಿಲ್ಟರ್‌ಗಳನ್ನು ರಬ್ಬರ್ ಅಂಚಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಮಳೆಗಾಲದಲ್ಲಿ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಲು ಎರಡು ವಾರವೂ ಬೇಡ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವವರೆಗೆ ಬಿಸಿ ಮಾಡಿ ತುಂಬಿಡಿ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬಾರದು.